ಹೋದವರ ಕೊಪ್ಪರಿಗೆಯಲ್ಲಿ ಜಂಬಲಾಯ

ನನಗೆ ಮರೆವಿನ ಭಯವಿಲ್ಲ. ಮರೆತದ್ದು ಮರೆತೇ ಹೋಗಿರುತ್ತದೆ, ಅದರಿಂದ ಯಾರಿಗೂ ಉಪದ್ರವವಿಲ್ಲ. ನಾನು ಹೆದರುವುದು ಸ್ಪಷ್ಟವಾಗಿ ನೆನಪಿರುವ ಸಂಗತಿಗಳಿಗೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿರುವುದೂ ಅದಕ್ಕೇ. ಆದರೆ ದಿನಚರಿ ಬರೆಯುವವನೂ ನಾನೇ ಆದ್ದರಿಂದ, ಕಳ್ಳನ ಪರವಾಗಿ ಅವನ ತಮ್ಮನೇ ಸಾಕ್ಷಿ ಹೇಳಿದಂತೆ ಆಗುತ್ತದೆ.

ಎರಡು ನೂರು ಜನರಿಗೆ ನಾನೊಬ್ಬನೇ ಪಲಾವ್ ಮಾಡಿದ್ದು ನನಗೆ ಹಾಗೆ ಸ್ಪಷ್ಟವಾಗಿ ನೆನಪಿದ್ದ ಸಂಗತಿ. ಹಾಸ್ಟೆಲಿನಲ್ಲಿ. ದೊಡ್ಡ ಕೊಪ್ಪರಿಗೆ, ಕೈಯಲ್ಲಿ ನನ್ನ ಎದೆಯೆತ್ತರದ ಸೌಟು, ಮುಖಕ್ಕೆ ಹಬೆ, ತಳ ಹಿಡಿದ ಅನ್ನದ ವಾಸನೆ, ಸುತ್ತ ನಿಂತವರ ಚಪ್ಪಾಳೆ. ಹಾಸ್ಟೆಲಿನಲ್ಲಿ ಅಡುಗೆಯವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ದಿನ ಆಫೀಸಿನ ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥ ಲ್ಯಾರಿ ನಿವೃತ್ತನಾಗಿ ಅಮೆರಿಕದ ಲೂಸಿಯಾನಕ್ಕೆ ಹೊರಟಿದ್ದ. ಬೀಳ್ಕೊಡುಗೆಗೆ ಅವನ ಊರಿನ ಜಂಬಲಾಯವನ್ನೇ ಮಾಡಿಸಬೇಕು ಎಂದಾಯಿತು. ಕೋಳಿ, ಸಿಗಡಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಕಣ್ಣಲ್ಲಿ ನೀರು ಬರುವಷ್ಟು ಖಾರ, ಎಲ್ಲವನ್ನೂ ಅಕ್ಕಿಯ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸುವ ಅಡುಗೆ ಅದು. ದೋಹಾದ ವೆಸ್ಟ್ ಬೇಯ ಒಂದು ಹೋಟೆಲಿಗೆ ಆರ್ಡರ್ ಕೊಟ್ಟೂ ಆಗಿತ್ತು. "ಹೋಟೆಲ್ ಯಾಕೆ? ನಾನೇ ಮಾಡ್ತೀನಿ" ಎಂದೆ. ಆರ್ಡರ್ ರದ್ದಾಯಿತು. ಊಟಕ್ಕೆ ನೂರ ಹತ್ತು ಜನ. ನನ್ನ ಪಾತ್ರೆಯ ಹೊರತು ಅಂದು ಬೇರೆ ಊಟವಿಲ್ಲ.

"ಹಾಸ್ಟೆಲ್‌ನ್ಯಾಗ ನೀವು ಅಡಗಿ ಮಾಡಿದ್ರಿ?" ಎಂದಳು ನನ್ನ ಹೆಂಡತಿ ಸುನಂದಾ. "ಹಾಲು ಉಕ್ಕಿದ್ರ ನನ್ನ ಕೂಗಿ ಕರೀತೀರಲ್ರೀ ನೀವು."

ಬಂದ ಕಷ್ಟ ಪಾತ್ರೆಯದು. ಮಾಲಿನಿಂದ ದೊಡ್ಡ ನಾನ್‌ಸ್ಟಿಕ್ ತಂದು ಮೊದಲ ಪ್ರಯೋಗ ಮಾಡಿದೆ. ಅದಕ್ಕೆ ಏನೂ ಅಂಟುವುದಿಲ್ಲ. ಆದರೆ ಜಂಬಲಾಯದ ಜೀವ ಇರುವುದೇ ಅಂಟುವುದರಲ್ಲಿ: ಕೋಳಿ ಕಂದು ಬಣ್ಣಕ್ಕೆ ತಿರುಗಿ ತಳಕ್ಕೆ ಹತ್ತಬೇಕು, ಈರುಳ್ಳಿ ನೀರು ಬಿಟ್ಟು ಆ ಕಂದು ಪದರವನ್ನು ಎಬ್ಬಿಸಬೇಕು. ಅದಿಲ್ಲದೆ ನನ್ನದು ಆಸ್ಪತ್ರೆಯ ಊಟದಂತಾಯಿತು. ಎರಡನೆಯದು ಎತ್ತರದ ಸ್ಟೀಲ್ ಪಾತ್ರೆ. ಅದರಲ್ಲಿ ಕೆಳಗೆ ಗಂಜಿ, ನಡುವೆ ಅನ್ನ, ಮೇಲೆ ಅಕ್ಕಿ. ಮೂರನೆಯದು ತೆಳ್ಳಗಿನ ಅಲ್ಯುಮಿನಿಯಂ. ಅದರ ವಾಸನೆ ಕಿಟಕಿಯ ಪರದೆಗಳಲ್ಲಿ ಇನ್ನೂ ಇದೆ. "ಅಗಲ ಇರಬೇಕ್ರೀ, ತಳ ದಪ್ಪ ಇರಬೇಕು, ಮುಚ್ಚಳ ಬಿಗಿ ಇರಬೇಕು. ಸಾಕು ಮಾಡ್ರಿ ಇದನ್ನ ತಿನ್ನಸೋದು, ಖಲಾಸ್" ಎಂದಳು ಸುನಂದಾ.

ಅಂಥ ಪಾತ್ರೆ ದೋಹಾದ ಅಲ್ ಥುಮಾಮಾ ಬಡಾವಣೆಯ ಹಮೀದಾಕನ ಬಳಿ ಇದೆ ಎಂದು ಸಹೋದ್ಯೋಗಿಯೊಬ್ಬ ಹೇಳಿದ. ಉಳ್ಳಾಲದ ಕಡೆಯ, ಎಪ್ಪತ್ತು ದಾಟಿದ ಪಾತ್ರೆ ವ್ಯಾಪಾರಿ. ಊರಿನಲ್ಲಿ ಅಂಗಡಿಯವರು ಪಾತ್ರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆದುಕೊಡುತ್ತಾರಲ್ಲ, ಆ ಯಂತ್ರವನ್ನು ಇಲ್ಲೂ ಇಟ್ಟುಕೊಂಡವರು. ಶನಿವಾರ ಮಧ್ಯಾಹ್ನ ಹೋದೆ. ಹೊರಗೆ ಧೂಳು ಎದ್ದು ಬೆಳಕು ಅರಿಸಿನದ ನೀರಿನಂತಾಗಿತ್ತು, ಬೀದಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ಗೋದಾಮಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು, ಕಲಾಯಿ ಹಾಕಿದ ತಾಮ್ರದ ಕೊಪ್ಪರಿಗೆ.

"ಇದು ಬಾಡಿಗೆಯದ್ದಲ್ಲ ಮಾರಾಯ್ರೆ" ಎಂದರು ಹಮೀದಾಕ. "ನಮ್ಮವರು ಯಾರಾದ್ರೂ ಕತಾರ್ ಬಿಟ್ಟು ಹೋಗುವಾಗ ಇದರಲ್ಲೇ ಊಟ. ಊಟ ಆದ ಮೇಲೆ ಹೋಗುವವರ ಹೆಸರು ಇದರ ಕುತ್ತಿಗೆಗೆ ಕೊರೆಯುವುದು. ನಿಮ್ಮ ಅಮೆರಿಕದವರದ್ದೂ ಕೊರೆಯುವ, ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ನಾನೇ ಬರ್ತೇನೆ." ಆಮೇಲೆ ತುಸು ಹೆಮ್ಮೆಯಿಂದ, "ಇದರಲ್ಲಿ ಹೆಸರು ಬಂದವರು ಯಾರೂ ವಾಪಸ್ ಬಂದದ್ದಿಲ್ಲ. ಒಬ್ಬರೂ ಇಲ್ಲ" ಎಂದರು.

ನನ್ನನ್ನು ಆಫೀಸಿನವರೆಲ್ಲ ಗುರು ಎನ್ನುವುದರಿಂದ ಅವರಿಗೂ ಅಷ್ಟನ್ನೇ ಹೇಳಿದ್ದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ನಿಮ್ಮನ್ನು ಕಂಡ್ರೆ ಒಬ್ಬರ ನೆನಪಾಗ್ತದೆ. ಗದಗದವರು. ಇದೇ ಮೂಗು. ಒಳ್ಳೆ ಜನ. ಹೋದರು, ಪಾಪ."

"ಎಲ್ಲಿಗೆ?"

"ಊರಿಗೆ. ಮತ್ತೆಲ್ಲಿಗೆ?"

ಗದಗದವರಿಗೆಲ್ಲ ಒಂದೇ ನಮೂನೆಯ ಮೂಗು ಇರುತ್ತದೆಯೇ ಎಂದು ಯೋಚಿಸುತ್ತ ಕೊಪ್ಪರಿಗೆಯನ್ನು ಕಾರಿನ ಹಿಂದಿನ ಸೀಟಿಗೆ ಏರಿಸಿದೆ. ಕಾರು ಹೊರಟ ಕೂಡಲೇ ಕೀಂಕೀಂ ಎನ್ನತೊಡಗಿತು: ಹಿಂದೆ ಕೂತವರು ಬೆಲ್ಟ್ ಹಾಕಿಲ್ಲ. ಇಳಿದು ಬೆಲ್ಟ್ ಹಾಕಿದೆ. ನಮ್ಮ ಮನೆಯಿರುವ ಅಲ್ ಖೋರಿನ ದಾರಿಯುದ್ದಕ್ಕೂ ನಾನು ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ.

ಮನೆಯ ಹಾಲಿನಲ್ಲಿ ಅದು ಸೋಫಾದಷ್ಟು ಜಾಗ ಹಿಡಿಯಿತು. ಏಸಿ ಓಡುವಾಗಲೆಲ್ಲ ಸಣ್ಣಗೆ ಗುನುಗುತ್ತಿತ್ತು. "ಚಾ ಆತೇನ?" ಎಂದು ನಾನು ಕೂಗಿದರೆ, ಅಡುಗೆಮನೆಯಿಂದ ಉತ್ತರ ಬರುವ ಮೊದಲು ಕೊಪ್ಪರಿಗೆ ಒಳಗಿನಿಂದ "ಆತೇನ" ಎನ್ನುತ್ತಿತ್ತು. ತಾಮ್ರ, ಪೊಳ್ಳು, ಪ್ರತಿಧ್ವನಿ ಎಂದು ಎಂಜಿನಿಯರನ ವಿವರಣೆ ಕೊಟ್ಟೆ. "ವಿವರಣಿ ಇರಲಿ, ಮುಚ್ಚಳ ಹಾಕ್ರಿ ಅದಕ್ಕ" ಎಂದಳು ಸುನಂದಾ.

ಮುಚ್ಚಳ ಹಾಕುವಾಗಲೇ ಹೆಸರುಗಳನ್ನು ಓದಿದ್ದು. ಕುಂದಾಪುರದ ಸೀತಾರಾಮ, ಬಂಟ್ವಾಳದ ಅಬ್ದುಲ್ಲ, ಬಾಗಲಕೋಟೆಯ ಯಾರೋ ಈರಣ್ಣ. ಬಗ್ಗಿ ಓದುತ್ತ ಕೊಪ್ಪರಿಗೆಯ ಸುತ್ತ ಪ್ರದಕ್ಷಿಣೆ ಬಂದೆ. ಗೋಡೆಯ ಕಡೆಗಿದ್ದ ಭಾಗದಲ್ಲಿ, ಈರಣ್ಣನ ಪಕ್ಕ, ದುಂಡಗಿನ ಅಕ್ಷರಗಳಲ್ಲಿ ಕೊರೆದಿತ್ತು: ಗುರುಪಾದ ನೀರಲಗಿ, ಗದಗ.

ಗುರುಪಾದ ನೀರಲಗಿ ನಾನು.

ಸ್ವಲ್ಪ ಹೊತ್ತು ನನ್ನ ಕೈಗಳನ್ನು ನೋಡಿಕೊಂಡೆ. ಇದ್ದವು. ಕಿಟಕಿಯ ಗಾಜಿನಲ್ಲಿ ಮುಖವೂ ಕಂಡಿತು. "ಸುನಂದಾ, ನಾನು ಇಲ್ಲೇ ಅದೀನೇನ?" ಎಂದು ಕೇಳಿದೆ. ಅರ್ಧ ಮುಚ್ಚಿದ ಕೊಪ್ಪರಿಗೆ "ಅದೀನೇನ" ಎಂದಿತು.

ಸುನಂದಾ ಕೈ ಒರೆಸುತ್ತ ಬಂದು, ಓದಿ, ನನ್ನನ್ನು ಮರುಕದಿಂದ ನೋಡಿದಳು. "ಖರೇನ ಮರತೀರಿ? ಕಚ್ಚಾ ಎಣ್ಣಿ ರೇಟು ಬಿದ್ದ ವರ್ಷ ನಿಮ್ಮ ನೌಕರಿ ಹೋಗಿತ್ತಲ್ರೀ. ದೋಹಾದ ಮಂದಿ ಸೇರಿ ಸೆಂಡ್‌ಆಫ್ ಕೊಟ್ಟರು. ಸಾಮಾನು ಕಟ್ಟಿದ್ವಿ, ಟಿಕೆಟ್ ಆಗಿತ್ತು. ಇನ್ನ ನಾಕ ದಿನ ಐತಿ ಅನ್ನೂದ್ರಾಗ ಈ ಕಂಪನಿಯವರು ಕರದರು. ಊಟ ಉಂಡು, ಶಾಲು ಹೊದಿಸಿಕೊಂಡು, ಮತ್ತ ಇಲ್ಲೇ ಉಳದ್ವಿ ಅಂತ ಹೆಂಗ ಹೇಳೋದು ಅಂತ ನೀವ ಯಾರಿಗೂ ಹೇಳಲಿಲ್ಲ. ಅಲ್ ಖೋರಿಗೆ ಬಂದಮ್ಯಾಲೆ ಅವರ ಫೋನೂ ಎತ್ತಲಿಲ್ಲ."

ಆ ವರ್ಷದ ದಿನಚರಿ ತೆಗೆದೆ. ಒಂದೇ ಸಾಲು: "ಇಂದು ಊಟಕ್ಕೆ ಬಹಳ ಜನ. ಅನ್ನ ತಳ ಹಿಡಿದಿತ್ತು." ಯಾರ ಊಟ, ಯಾಕೆ ಎಂಬುದಿಲ್ಲ. ಪುಟಗಳ ನಡುವೆ ಒಂದು ಫೋಟೋ ಇತ್ತು. ಇದೇ ಕೊಪ್ಪರಿಗೆ. ಹೆಗಲಿಗೆ ಶಾಲು ಹೊದ್ದು, ಎದೆಯೆತ್ತರದ ಸೌಟು ಹಿಡಿದು ನಾನು. ಸುತ್ತ ಚಪ್ಪಾಳೆ ತಟ್ಟುತ್ತಿರುವ ಜನ.

ಅಂದರೆ ಹಾಸ್ಟೆಲ್ ಇಲ್ಲ, ಪಲಾವ್ ಇಲ್ಲ, ಅಡುಗೆಯವ ನಾನಲ್ಲ. ನಾನು ಹೋಗಬೇಕಿದ್ದ ದಿನ ಫೋಟೋಕ್ಕೆಂದು ಯಾರೋ ಕೈಗೆ ಕೊಟ್ಟ ಸೌಟು ಅದು. ನಾಚಿಕೆ ಆ ದಿನವನ್ನು ಅಳಿಸಿ, ಸೌಟನ್ನು ಮಾತ್ರ ನನಗೆ ಉಳಿಸಿಕೊಟ್ಟಿತ್ತು. ಆ ಸೌಟಿನ ಬಲದಿಂದ ನೂರ ಹತ್ತು ಜನರ ಊಟ ಒಪ್ಪಿಕೊಂಡಿದ್ದೆ. ಹೋಟೆಲಿಗೆ ಫೋನ್ ಮಾಡಿದರೆ, ಆ ಶುಕ್ರವಾರಕ್ಕೆ ಬೇರೆ ಆರ್ಡರ್ ಹಿಡಿದಾಗಿದೆ, ಸಾಧ್ಯವಿಲ್ಲ ಎಂದರು.

"ನಾ ನಿಲ್ಲತೀನಿ" ಎಂದಳು ಸುನಂದಾ. "ಆದ್ರ ಅಕ್ಕಿ ಹಾಕಿದ ಮ್ಯಾಲ ನೀವು ಏನೂ ಮುಟ್ಟಂಗಿಲ್ಲ."

ಶುಕ್ರವಾರ ಬೆಳಗ್ಗೆ ಅಲ್ ಖೋರಿನಲ್ಲಿ ಚಳಿಗಾಲದ ಮಂಜು. ಕಂಪನಿಯ ಕ್ಲಬ್ಬಿನ ಹಿಂದಿನ ಅಂಗಳದಲ್ಲಿ ಒಲೆ ಹೊತ್ತಿಸಿದಾಗ ಹತ್ತು ಹೆಜ್ಜೆ ಆಚೆಗಿನ ಗೋಡೆ ಕಾಣುತ್ತಿರಲಿಲ್ಲ. ಕೋಳಿ ಕಂದಾಯಿತು, ತಳ ಹತ್ತಿತು, ಈರುಳ್ಳಿ ಅದನ್ನು ಎಬ್ಬಿಸಿತು. ಸುನಂದಾ ಅಕ್ಕಿ ಸುರಿದು ಮುಚ್ಚಳ ಮುಚ್ಚಿದಳು. ಇನ್ನು ತೆಗೆಯುವಂತಿಲ್ಲ, ತಿರುವುವಂತಿಲ್ಲ. ನಾನು ಎದುರಿಗೆ ಕೂತೆ. ಒಳಗೆ ಏನೋ ಮೆಲ್ಲಗೆ ಮಾತಾಡುತ್ತಿತ್ತು. ಕುತ್ತಿಗೆಯ ಸುತ್ತ ಹಬೆ ಹಾದಾಗ ಹೆಸರುಗಳು ಒಂದೊಂದಾಗಿ ಒದ್ದೆಯಾಗಿ ಹೊಳೆದವು. ನನ್ನದೂ ಹೊಳೆಯಿತು. ತಳ ಹಿಡಿದಿದ್ದರೆ ಎಂದು ಕೈ ತಾನಾಗಿಯೇ ಮುಚ್ಚಳದತ್ತ ಹೋಯಿತು.

"ಕೈ!" ಎಂದಳು ಮಂಜಿನೊಳಗಿಂದ ಸುನಂದಾ.

ತೆಗೆದಾಗ ಅನ್ನ ಉದುರುದುರಾಗಿತ್ತು, ತಳದಿಂದ ಮೇಲಿನವರೆಗೂ ಒಂದೇ ಹದ. "ಪಾತ್ರಿ ಮಾತ್ರ ಬರೋಬ್ಬರಿ ಆರಿಸೀರಿ ನೋಡ್ರಿ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡ ಪ್ರಶಸ್ತಿ ನನಗೆ ಬಂದಿರಲಿಲ್ಲ. ಲ್ಯಾರಿ ಎರಡು ಸಲ ಬಡಿಸಿಕೊಂಡ, ಮೂರನೆಯ ಸಲ ತಾನೇ ಬಗ್ಗಿ ತಳದ ಕಂದು ಪದರವನ್ನು ಕೆರೆದು ತಿಂದ, ಹೋಗಿ ಮೂಲೆಯಲ್ಲಿ ಒಬ್ಬನೇ ಕೂತ. ಆಮೇಲೆ ಎಲ್ಲರೂ ನನ್ನ ಕೈಗೆ ಸೌಟು ಕೊಟ್ಟು, ಫೋಟೋ ತೆಗೆದು, ಚಪ್ಪಾಳೆ ತಟ್ಟಿದರು. ಸುನಂದಾ ಆಗ ಪ್ಲೇಟು ಎಣಿಸುತ್ತಿದ್ದಳು.

ಹಮೀದಾಕ ನನ್ನ ಹೆಸರಿನ ಪಕ್ಕದಲ್ಲಿ ಲ್ಯಾರಿಯ ಹೆಸರು ಕೊರೆದರು. ಕೊರೆದು ಮುಗಿದ ಮೇಲೂ ಬೆರಳು ನನ್ನ ಹೆಸರಿನ ಮೇಲೆ ನಿಂತಿತ್ತು. "ಇವರೇ, ನಾನು ಹೇಳಿದ್ದಲ್ವಾ ಗದಗದವರು. ಇವರ ಊಟದ ದಿನ ಅನ್ನ ತಳ ಹಿಡಿದಿತ್ತು. ಇವತ್ತಿನದ್ದು ಇವರಿಗೆ ಸಿಗಬೇಕಿತ್ತು. ಈಗ ಎಲ್ಲಿದ್ದಾರೋ."

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಬಾಯಿ ತೆರೆದೆ. "ಚೆನ್ನಾಗಿದ್ದಾರಂತೆ" ಎಂದೆ. "ಗದಗದಲ್ಲೇ ಮನೆ ಕಟ್ಟಿಸಿದ್ದಾರಂತೆ. ನಿಮ್ಮನ್ನು ಕೇಳ್ತಿದ್ದರಂತೆ."

ಮುದುಕರ ಮುಖ ಅರಳಿತು. "ಹೌದಾ! ನನ್ನ ನೆನಪುಂಟಾ ಅವರಿಗೆ? ಸಿಕ್ಕಿದರೆ ನನ್ನ ಸಲಾಂ ಹೇಳಿ ಮಾರಾಯ್ರೆ."

ಹೇಳುತ್ತೇನೆ ಎಂದೆ. ದಿನಚರಿಯಲ್ಲಿ ಅಂದಿನದನ್ನು ಇದ್ದದ್ದು ಇದ್ದಂತೆಯೇ ಬರೆದೆ: ನೂರ ಹತ್ತು ಜನರಿಗೆ ಜಂಬಲಾಯ ಮಾಡಿದೆ. ಓದಿ ನೋಡಿ, ಅದರ ಮುಂದೆ "ಸುನಂದಾ" ಎಂದು ಸೇರಿಸಬೇಕೆಂದುಕೊಂಡೆ, ಸಾಲಿನಲ್ಲಿ ಜಾಗವಿರಲಿಲ್ಲ. ಗದಗದ ಆ ಮನೆ ಮಾತ್ರ ದಿನದಿನಕ್ಕೂ ಸ್ಪಷ್ಟವಾಗಿ ಕಾಣತೊಡಗಿದೆ. ಮುಂದೆ ಕಟ್ಟೆ, ಕಟ್ಟೆಯ ಮೇಲೆ ನನ್ನದೇ ಮೂಗಿನ ಒಬ್ಬ ಮನುಷ್ಯ, ಆರಾಮವಾಗಿ ಕೂತಿದ್ದಾನೆ. ಹಮೀದಾಕನ ಸಲಾಮನ್ನು ಅವನಿಗೆ ಇನ್ನೂ ತಲುಪಿಸಿಲ್ಲ. ಹೋಗಿ ಹೇಳಬಹುದಿತ್ತು, ಆದರೆ ಅವನು ನನ್ನನ್ನು ನೋಡಿ, ನೀವು ಯಾರು ಎಂದು ಕೇಳಿದರೆ ಏನು ಹೇಳಲಿ ಎಂದು ಅಳುಕು.