ಸಾವ್ಕಾರರ ಹತ್ತು ಫೂಟಿನ ಹೆಸರು

ಹಳಿಯಾಳದ ಪೇಟೆಯಲ್ಲಿ ಅತೀಕನ ಕಂಪ್ಯೂಟರ್ ಅಂಗಡಿ ಅವತ್ತು ಸಾಯಂಕಾಲ ಐದಕ್ಕೆ ಉದ್ಘಾಟನೆಯಾಗಬೇಕಿತ್ತು. ಮಳಿಗೆಯ ಬೀಗದ ಕೈ ಮಾತ್ರ ಇನ್ನೂ ಮಾಲೀಕ ನಾಗಲಿಂಗಪ್ಪ ಸಾವ್ಕಾರರ ಕಿಸೆಯಲ್ಲೇ ಇತ್ತು.

"ಬ್ಯಾನರಿನ್ಯಾಗ ಉದ್ಘಾಟಕರ ಹೆಸರು, ಅಂದ್ರ ನನ್ನ ಹೆಸರು, ಈ ಪ್ಯಾಟ್ಯಾಗ ಯಾರೂ ಬರಸಿರಬಾರ್ದು, ಹಂಗಿರಬೇಕು. ಇಲ್ಲಾಂದ್ರ ಮಳಗಿ ಬ್ಯಾರೇದವ್ರಿಗೆ ಕೊಡ್ತೇನಿ" ಎಂದು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

ಕಂಪ್ಯೂಟರನ್ನು ಪಕ್ಕದ ಠಾಕಪ್ಪನ ಸೈಕಲ್ ಅಂಗಡಿಯಲ್ಲಿ, ಟೈರುಗಳ ನಡುವೆ ಇಟ್ಟುಕೊಂಡು ಅತೀಕ ಕೆಲಸಕ್ಕೆ ಕೂತ. ಇಂಟರ್ನೆಟ್ ಪುಟಗಳಿಗೆಂದು ಯಾರೋ ಮಾಡಿಟ್ಟಿದ್ದ, ಬಳ್ಳಿಯಂತೆ ಬಳುಕುವ ಕನ್ನಡ ಫಾಂಟೊಂದು ಸಿಕ್ಕಿತು. ಸಾವ್ಕಾರರ ಹೆಸರು ಅದರಲ್ಲಿ ಬಾಸಿಂಗ ಕಟ್ಟಿದ ಮದುಮಗನ ಹಾಗೆ ಕಂಡಿತು. ಹುಬ್ಬಳ್ಳಿಯ ಬ್ಯಾನರ್ ಅಂಗಡಿಗೆ ಕಳಿಸಿದ್ದೇ ತಡ, ಅಲ್ಲಿಂದ ಫೋನು ಬಂತು.

"ಬರೇ ಚೌಕ ಚೌಕ ಕಾಣ್ತಾವಲ್ರೀ! ನಮ್ಮ ಕಂಪ್ಯೂಟರಿನ್ಯಾಗ ಆ ಫಾಂಟ್ ಇಲ್ಲ."

ಫಾಂಟಿನ ಫೈಲನ್ನೂ ಕಳಿಸಿದ. ಇಂಟರ್ನೆಟ್ ಪುಟಕ್ಕಷ್ಟೇ ಆಗುವ ಫಾಂಟೆಂದು ಅವರ ಕಂಪ್ಯೂಟರು ಅದನ್ನು ಹೊಸ್ತಿಲು ದಾಟಗೊಡಲಿಲ್ಲ.

"ಅಕ್ಷರ ಬ್ಯಾಡ್ರಿ, ಚಿತ್ರಾ ಮಾಡಿ ಕಳಸ್ರಿ. ಚಿತ್ರಕ್ಕ ಯಾವ ಫಾಂಟೂ ಬೇಕಾಗಂಗಿಲ್ಲ" ಎಂದರು ಅವರು.

ಅತೀಕ ಅಕ್ಷರಗಳನ್ನೆಲ್ಲ ಚಿತ್ರವಾಗಿಸಿದ. ಚಿತ್ರ ದೊಡ್ಡದಾಯಿತು. ಇಂಟರ್ನೆಟ್ ಲೈನು ಮೂರು ಸಲವೂ ಇನ್ನೇನು ಹೋಯಿತು ಅನ್ನುವಾಗಲೇ ಕಡಿದುಹೋಯಿತು. ಪಂಕ್ಚರ್ ತಿದ್ದುತ್ತಿದ್ದ ಠಾಕಪ್ಪನಿಗೆ ತಡೆಯಲಾಗಲಿಲ್ಲ.

"ಸಣ್ಣದು ಮಾಡಿ ಕಳಸೋ ತಮ್ಮಾ. ಅವರ ಕಡೆ ದೊಡ್ಡ ಮಷಿನ್ ಐತಿ, ಅವರ ದೊಡ್ಡದು ಮಾಡ್ಕೋತಾರ."

ಮಾತು ಸರಿಯೆನಿಸಿತು. ಅತೀಕ ಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿದ, ಕ್ಷಣದಲ್ಲಿ ಹೋಯಿತು.

ನಾಲ್ಕರ ಬಸ್ಸಿಗೆ ಬ್ಯಾನರ್ ಬಂತು. ಬಿಚ್ಚಿ ಕಟ್ಟಿದರೆ, ಅಯ್ಯೋ! ಅಂಚೆಚೀಟಿಯಷ್ಟಿದ್ದ ಚಿತ್ರವನ್ನು ಹಿಗ್ಗಿಸಿ, ಹತ್ತು ಫೂಟಿನುದ್ದಕ್ಕೂ ಬರೀ ಕರಿ ಇಟ್ಟಿಗೆ ಒಟ್ಟಿದ ಹಾಗಿತ್ತು. ಎಲ್ಲಿ ನಾಗ, ಎಲ್ಲಿ ಲಿಂಗ, ಒಂದೂ ತಿಳಿಯದು.

"ದೂರ ನಿಂತು ನೋಡಿದ್ರ ಓದಾಕ ಬರ್ತೈತಿ" ಎಂದು ಠಾಕಪ್ಪ ಅತೀಕನನ್ನು ರಸ್ತೆಯಾಚೆ ಎಳೆದೊಯ್ದ. "ಇನ್ನಷ್ಟು ಹಿಂದಕ್ಕ ಬಾ."

"ಇನ್ನ ಹಿಂದಕ್ಕ ಹೋದ್ರ ಧಾರವಾಡ ಬರ್ತೈತಿ ಕಾಕಾ!"

ಅಷ್ಟರಲ್ಲಿ ಸಾವ್ಕಾರರು ಬಂದೇಬಿಟ್ಟರು. ಕತ್ತು ಓರೆ ಮಾಡಿ ನೋಡಿದರು, ಕನ್ನಡಕ ಒರೆಸಿ ನೋಡಿದರು. ಪೇಟೆಯ ಮಂದಿ ಆಗಲೇ ಗುಂಪುಗಟ್ಟಿತ್ತು.

"ಅತೀಕ, ಇದು ನನ್ನ ಹೆಸರಾ?"

"ಹೌದ್ರೀ ಸಾವ್ಕಾರ್ರ. ತಪ್ಪಾತ್ರಿ..."

"ಏನ್ ತಪ್ಪಲೇ? ಓದಾಕ ಬಂದಿದ್ರ ಮಂದಿ ಓದಿ ಹೋಗಿಬಿಡ್ತಿದ್ರು. ಈಗ ಎಲ್ಲಾರೂ ನಿಂತು, ಯಾರ ಹೆಸರು, ಯಾರ ಹೆಸರು ಅಂತ ಕೇಳಾಕತ್ತಾರ. ಎಲ್ಲಾರಿಗೂ ನಾನ ಹೇಳ್ತೇನಿ, ನಂದು ಅಂತ!"

ಬೀಗದ ಕೈ ಅತೀಕನ ಅಂಗೈಗೆ ಬಿತ್ತು. ಅವನು ಅಲ್ಲಾನನ್ನು ನೆನೆದು ಉಸಿರುಬಿಟ್ಟ. ರಿಬ್ಬನ್ ಕತ್ತರಿಸಿ, ಪೇಡೆ ತಿಂದು ಸಾವ್ಕಾರರು ಕುರ್ಚಿಯಲ್ಲಿ ಕೂತರು.

"ನಿನ್ನ ಮೊದಲನೇ ಗಿರಾಕಿ ನಾನ. ಮಗಳ ಲಗ್ನಪತ್ರಿಕಿ, ಐನೂರು. ಹೆಸರು, ತಾರೀಕು, ಊರು ಎಲ್ಲಾ ಇದ ಅಕ್ಷರದಾಗ ಬರಬೇಕು."

"ಸಾವ್ಕಾರ್ರ, ಮತ್ತ ಲಗ್ನ ಎಂದು, ಎಲ್ಲಿ ಅಂತ ಮಂದಿಗೆ ಹೆಂಗ ಗೊತ್ತಾಗಬೇಕ್ರಿ?"

"ಅದಕ್ಕ ಯಾಕ ಚಿಂತಿ?" ಸಾವ್ಕಾರರು ಎದ್ದು ಅವನ ಬೆನ್ನು ತಟ್ಟಿದರು. "ನಾಳಿಂದ ಅಂಗಡಿ ಕದಾ ಹಾಕು. ಐನೂರು ಮನಿಗೂ ನೀನ ಹೋಗಿ ಓದಿ ಹೇಳಿ ಬಾ."