ಜ್ವರಕ್ಕೆ ಕೂತ ಬೆಕ್ಕು

ನಮ್ಮ ಸೋದರತ್ತೆಗೆ ಬೆಕ್ಕಿನ ಹುಚ್ಚು ಎಂದು ಇಡೀ ದಿಬ್ಬೂರಹಳ್ಳಿ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಎಲ್ಲರೂ ಒಪ್ಪಿದ ಮಾತಿಗೇ ಮೊದಲು ಸಾಕ್ಷಿ ಕೇಳಬೇಕು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಪಾಠ. ಸಾಕ್ಷಿ ಎಲ್ಲಿದೆ? ಅತ್ತೆ ಇವತ್ತಿನವರೆಗೆ ಒಂದು ಬೆಕ್ಕನ್ನೂ ಮಡಿಲಿಗೆ ಹತ್ತಿಸಿಕೊಂಡವರಲ್ಲ, ಒಂದಕ್ಕೂ ಹೆಸರಿಟ್ಟವರಲ್ಲ. "ಹೆಸರಿಟ್ರೆ ಅದು ಮನೆಯದಾಗೋಗುತ್ತೆ ಕಣೇ. ಇವು ಬೀದಿಯವು, ಬೀದೀಲೇ ಚೆನ್ನಾಗಿರ್ಲಿ" ಎನ್ನುತ್ತಾರೆ. ಇದು ಹುಚ್ಚೇ? ಮಂತ್ರಿಗಳಿಗೂ ಇಷ್ಟು ಸ್ಪಷ್ಟವಾದ ನೀತಿ ಇರುವುದಿಲ್ಲ!

ಹೆಸರಿನ ವಿಷಯದಲ್ಲಿ ನಾನೂ ಅವರೊಡನೆ ಒಮ್ಮೆ ವಾದಿಸಿ ಗೆದ್ದವಳು. ಹುಟ್ಟಿದಾಗಿನಿಂದ ನನ್ನನ್ನು 'ಬುಜ್ಜಿ' ಎಂದೇ ಕರೆಯುತ್ತಿದ್ದರು. ವೋಟು ಹಾಕುವ ವಯಸ್ಸಿನ ಪ್ರಜೆಯನ್ನು ಹಾಗೆ ಕರೆಯಕೂಡದೆಂದು ಕಾಲೇಜು ಸೇರಿದ ಮೇಲೆ ವಾದ ಮಂಡಿಸಿದೆ. ಅತ್ತೆ ಅಂದಿನಿಂದಲೇ ಪೂರ್ತಿ ಹೆಸರು ಹಿಡಿದು ಕರೆಯತೊಡಗಿದರು. ಜಯವೆಂದರೆ ಅದು!

ಇರಲಿ, ಬೆಕ್ಕಿಗೆ ಬರೋಣ. ನಮ್ಮ ಬೀದಿಯಲ್ಲಿ ಹೆಚ್ಚಿನವರು ರೇಷ್ಮೆಹುಳು ಸಾಕುವವರು. ಹುಳುವನ್ನು ಇಲಿ ತಿನ್ನುತ್ತದೆ, ಇಲಿಯನ್ನು ಬೆಕ್ಕು ತಿನ್ನುತ್ತದೆ, ಆದ್ದರಿಂದ ಬೆಕ್ಕು ಬೇಕು. ಆದರೆ ಬೆಕ್ಕುಗಳು ಮರಿ ಹಾಕಲು ಆರಿಸಿಕೊಳ್ಳುವುದು, ಹುಳು ಗೂಡು ಕಟ್ಟಲೆಂದು ಪೇರಿಸಿಟ್ಟ ಬಿದಿರಿನ ಚಂದ್ರಿಕೆಗಳ ಸಂದನ್ನೇ. ಎದುರುಮನೆ ಯಜಮಾನರು ಒಂದು ಚಂದ್ರಿಕೆ ಎಳೆದಾಗ ತಾಯಿಮಕ್ಕಳ ಸಂಸಾರವೇ ಅವರ ಕಾಲಮೇಲೆ ಉರುಳಿತು. ಅಲ್ಲೇ ತೀರ್ಪಾಯಿತು: ಬೀದಿಯ ಅಷ್ಟೂ ಬೆಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ಕೆಂಚಾರ್ಲಹಳ್ಳಿ ಆಚೆ ಬಿಟ್ಟುಬರುವುದು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋದರು. ಇವನ್ನು ಸಾಗಿಸಿದರೆ ಖಾಲಿ ಜಾಗಕ್ಕೆ ಬೇರೆ ಬೆಕ್ಕು ಬರುತ್ತವೆ, ಅವೂ ಮರಿ ಹಾಕುತ್ತವೆ, ನೀವು ಬದುಕಿರುವವರೆಗೆ ಚೀಲ ಹೊರುತ್ತಿರಬೇಕು, ಅದರ ಬದಲು ನಾನೇ ಎಲ್ಲಕ್ಕೂ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಇಲ್ಲೇ ಬಿಡುತ್ತೇನೆ ಎಂದರು. ನನಗೇ ಹೊಟ್ಟೆಕಿಚ್ಚು ಬರುವಂಥ ವಾದ! ಯಜಮಾನರು ಗಡುವು ಕೊಟ್ಟರು.

"ಮುಂದಿನ ಬೆಳೆಯ ಮರಿಹುಳ ಬರೋದ್ರೊಳಗೆ ಮುಗಿಸಮ್ಮ. ಒಂದು ಹೆಣ್ಣುಬೆಕ್ಕು ಉಳಿದ್ರೂ ಚೀಲ ಎತ್ತೋದೇ."

ಚಿಕ್ಕಬಳ್ಳಾಪುರದಿಂದ ಎರವಲು ತಂದ ಬೋನಿನಲ್ಲಿ ಬೆಕ್ಕು ಹಿಡಿದು, ಮೇಲೆ ಹಸಿ ಗೋಣಿ ಮುಚ್ಚಿ, ಬೆಳಗಿನ ಬಸ್ಸಿನಲ್ಲಿ ಶಿಡ್ಲಘಟ್ಟದ ಡಾಕ್ಟರ ಬಳಿಗೆ ಪ್ರಯಾಣ. ಆ ಬಸ್ಸಿನ ತುಂಬ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಮೂಟೆಗಳು. ಪಕ್ಕದಲ್ಲಿ ಕೂತ ರೈತರೊಬ್ಬರು ನಮ್ಮದೂ ಗೂಡೇ ಎಂದುಕೊಂಡು ವ್ಯವಹಾರದ ದನಿಯಲ್ಲಿ, "ನಿಮ್ದು ಯಾವ್ದಮ್ಮ, ಬಿಳೀದಾ ಹಳದೀದಾ?" ಎಂದರು.

"ಬಿಳೀದೇ. ಮಧ್ಯೆಮಧ್ಯೆ ಕಪ್ಪು" ಎಂದರು ಅತ್ತೆ.

ಅವರು ಸಾದಲಿ ಕ್ರಾಸಿನವರೆಗೂ ಯೋಚಿಸುತ್ತಿದ್ದರು.

ಆಪರೇಷನ್ ಆದ ಬೆಕ್ಕನ್ನು ಬೆಚ್ಚಗೆ, ಸದ್ದಿಲ್ಲದ ಕಡೆ ಇಡಿ, ಪೂರ್ತಿ ಎಚ್ಚರವಾಗುವ ತನಕ ಏನೂ ತಿನ್ನಿಸಬೇಡಿ ಎಂದು ಡಾಕ್ಟರು ಹೇಳಿದರು. ಅತ್ತೆಗೆ ಇದನ್ನು ಬಿಡಿಸಿ ಹೇಳಬೇಕೇ? ಹುಳು ಪೊರೆ ಬಿಡುವಾಗಲೂ ಹೀಗೇ ಅಲುಗದೆ ಇರುತ್ತದೆ, ಸೊಪ್ಪು ಹಾಕುವಂತಿಲ್ಲ, ಗದ್ದಲ ಮಾಡುವಂತಿಲ್ಲ. ನಮ್ಮ ಕಡೆ ಅದನ್ನು 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಖಾಲಿಯಿದ್ದ ಅತ್ತೆಯ ಹುಳುಮನೆ ಬೆಕ್ಕಿನ ವಾರ್ಡಾಯಿತು, ನಿಯಮಗಳು ಮಾತ್ರ ಹುಳುವಿನವೇ. ನೋಡಬಂದವರೆಲ್ಲ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿಯೇ ಒಳಗೆ ಬರಬೇಕು. ಊದುಬತ್ತಿ, ಸೆಂಟು ನಿಷಿದ್ಧ. ಯಜಮಾನರೂ ಕಾಲದ್ದಿ, ಎದ್ದಿತೇ ಎಂದು ಪಿಸುದನಿಯಲ್ಲಿ ವಿಚಾರಿಸುವ ಹಾಗಾಯಿತು! ಮೊದಲ ಬೆಕ್ಕು ಕಣ್ಣು ಬಿಟ್ಟಾಗ ಅತ್ತೆ ಅಭ್ಯಾಸಬಲದಿಂದ ಅದರ ಮುಂದೆ ಸಣ್ಣಗೆ ಕತ್ತರಿಸಿದ ಹಿಪ್ಪುನೇರಳೆ ಸೊಪ್ಪು ಉದುರಿಸಿದರು. ಆಪರೇಷನ್ನನ್ನು ಕ್ಷಮಿಸಿದ್ದ ಬೆಕ್ಕು ಇದನ್ನು ಕ್ಷಮಿಸಲಿಲ್ಲ.

ಹೀಗೆ ಬೆಕ್ಕುಗಳು ಒಂದೊಂದಾಗಿ, ಆಪರೇಷನ್ ಆಯಿತೆಂಬುದಕ್ಕೆ ಎಡಗಿವಿಯ ತುದಿ ಕತ್ತರಿಸಿದ ಗುರುತು ಹೊತ್ತು ಬೀದಿಗೆ ಮರಳಿದವು. ಉಳಿದದ್ದು ಒಂದೇ, ಮುದಿ ಬೂದುಬೆಕ್ಕು. ಬೋನಿಗೆ ಬೀಳಬೇಕಾದರೆ ಹಸಿವಿರಬೇಕು. ಯಾರೂ ಎಂಜಲು ಹಾಕಕೂಡದೆಂದು ಅತ್ತೆ ಮನೆಮನೆಗೆ ಹೇಳಿಬಂದರು. ಆದರೂ ಆ ಬೆಕ್ಕು ತುಂಬಿದ ಹೊಟ್ಟೆಯಲ್ಲಿ ಬೋನಿನ ಮೀನನ್ನು ಮೂಸಿ ಮುಂದೆ ಹೋಗುತ್ತಿತ್ತು. ಅತ್ತೆ ಇಡೀ ಬೀದಿಯನ್ನು ಬೈದರು. ತನಿಖೆಯನ್ನು ನಾನು ಕೈಗೆತ್ತಿಕೊಂಡೆ.

ಮಾರನೇ ಬೆಳಿಗ್ಗೆಯೇ ಅಪರಾಧಿ ಸಿಕ್ಕಿಬಿದ್ದರು. ಹಿತ್ತಲ ಕಡ್ಡಿರಾಶಿಯ ಮರೆಯಲ್ಲಿ ಅತ್ತೆಯೇ ಕುಕ್ಕರಗಾಲಲ್ಲಿ ಕೂತು, ತಟ್ಟೆಮುಚ್ಚಳದಲ್ಲಿ ಮೊಸರನ್ನ ಇಟ್ಟು, ತೆಲುಗು ಬೆರೆಸಿ ಬೂದುಬೆಕ್ಕನ್ನು ಕರೆಯುತ್ತಿದ್ದರು.

"ರಾ ಬುಜ್ಜಿ, ತಿನು. ಮುದುಕಿ ಆಗ್ಹೋದೆ ನೀನು. ಮತ್ತಿನ ಇಂಜೆಕ್ಷನ್ ಕೊಟ್ಮೇಲೆ ಏಳದೇ ಹೋದ್ರೆ ನಾನೇನೇ ಮಾಡ್ಲಿ?"

ಬಾಗಿಲ ಹಿಂದೆ ನಿಂತಿದ್ದ ನಾನು ತನಿಖೆಯನ್ನು ಅಲ್ಲಿಗೇ ಮುಚ್ಚಿದೆ. ಮರಿಹುಳ ನಾಡಿದ್ದು ಬರುತ್ತದೆ ಎಂದಷ್ಟೇ ಆಮೇಲೆ ನೆನಪಿಸಿದೆ. ಅಂದು ಸಂಜೆ ಅತ್ತೆ ಬೆಕ್ಕಿಗೆ ಏನೂ ಇಡಲಿಲ್ಲ. ಗ್ಯಾಸ್ಟ್ರಿಕ್ ಎಂದು ತಾವೂ ಉಣ್ಣಲಿಲ್ಲ. ಬೆಳಗಾಗುವಾಗ ಬೋನು ಮುಚ್ಚಿತ್ತು.

ಆಪರೇಷನ್ ಮುಗಿಸಿ ತಂದ ಮೇಲೆ, ಬೇರೆ ಬೆಕ್ಕುಗಳು ಎದ್ದಷ್ಟು ಹೊತ್ತಾದರೂ ಇದು ಏಳಲಿಲ್ಲ. ಅತ್ತೆ ನೆಲದ ಮೇಲೆ ಅದರ ಪಕ್ಕವೇ ಕೂತರು. ಯಜಮಾನರು ಕಾಲದ್ದಿ ಒಳಗೆ ಬಂದರು, ಕೈಯಲ್ಲಿ ಗೋಣಿಚೀಲ. ನಾನು ವಾದಕ್ಕೆ ಎದ್ದು ನಿಂತೆ. ಅವರು ಚೀಲವನ್ನು ನಾಲ್ಕು ಮಡಿಕೆ ಮಾಡಿ, ನೆಲ ತಣ್ಣಗಿದೆ ಎನ್ನುತ್ತಾ ಬೆಕ್ಕಿನ ಅಡಿಗೆ ತೂರಿಸಿ ಹೊರಟುಹೋದರು.

ಬಹಳ ಹೊತ್ತಿನ ಮೇಲೆ ಬೂದುಬೆಕ್ಕು ತಲೆ ಎತ್ತಿತು. ತೂಕಡಿಸುತ್ತಲೇ ತೆವಳಿ ಬಂದು ಅತ್ತೆಯ ಮಡಿಲಿಗೆ ಗದ್ದ ಊರಿತು. ಅತ್ತೆ ಅದನ್ನು ತಳ್ಳಲಿಲ್ಲ. ತಮ್ಮ ಮುಖ ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ನಾನು ಪಕ್ಕದಲ್ಲಿ ಕೂತೆ. ಮೆಲ್ಲಗೆ ಕೇಳಿದೆ:

"ಅತ್ತೆ, ಆ ಬುಜ್ಜಿ ಅನ್ನೋ ಹೆಸರು ನಂಗೆ ವಾಪಸ್ ಕೊಡ್ತೀರಾ, ಇಲ್ಲ ನಾವಿಬ್ರೂ ಹಂಚ್ಕೊಳ್ಳೋಣಾ?"