ಗೆರೆ ದಾಟದ ಹಾಗೆ

ನೆಮ್ಮದಿ ಬೇಕು ಅಂತ ಕೇಳಿದವನು ನಾನೇ. ಹಾಗಾಗಿ ಈಗ ಯಾರ ಮುಂದೆಯೂ ದೂರುವ ಹಾಗಿಲ್ಲ. ನಿಮ್ಮ ಮುಂದೆ ಮಾತ್ರ ಹೇಳುತ್ತೇನೆ, ನನ್ನ ಹೆಂಡತಿಯ ಕಿವಿಗೆ ಬೀಳಬಾರದು. (ಬಿದ್ದರೂ ಹೊಸದೇನಲ್ಲ. ನನ್ನ ಗುಟ್ಟುಗಳೆಲ್ಲ ನನಗಿಂತ ಮೊದಲು ಅವಳಿಗೇ ಗೊತ್ತಾಗುವುದು.)

ನಾನು ನೀರು ಸರಬರಾಜು ಮತ್ತು ಒಳಚರಂಡಿ ಕಚೇರಿಯಲ್ಲಿ ನಕ್ಷೆ ಬರೆಯುವವನು. ಊರಿನ ನೆಲದಡಿ ಯಾವ ಪೈಪು ಎಲ್ಲಿ ಹೋಗಿದೆ, ಯಾವ ಮೂಲೆಯಲ್ಲಿ ತಿರುಗಿದೆ ಅನ್ನುವುದೆಲ್ಲ ನನ್ನ ಪೆನ್ಸಿಲಿನ ತುದಿಯಲ್ಲಿದೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಮ್ಮಿಬ್ಬರಿಗೂ ಯಜಮಾನಿಯಾಗಿ ನಾಲ್ಕೂವರೆ ವರ್ಷದ ಮಗಳಿದ್ದಾಳೆ. ಹುಟ್ಟಿದಾಗ ಪುಟ್ಟಗೆ, ದುಂಡಗೆ ಇದ್ದಳು ಅಂತ ಬಟಾಣಿ ಅಂತ ಕರೆದೆವು, ಅದೇ ನಿಂತುಬಿಟ್ಟಿತು.

ಬೇಸಿಗೆ ರಜೆ ಶುರುವಾದ ದಿನ, ಸುಮ್ಮನೆ ಒಂದು ಕಡೆ ಕೂತಿರಲಿ ಅಂತ ಅವಳಿಗೊಂದು ಡಬ್ಬಿ ಕ್ರೇಯಾನ್ ತಂದುಕೊಟ್ಟೆ. ಅದು ನನ್ನ ಜೀವಮಾನದ ಅತಿ ದೊಡ್ಡ ತಾಂತ್ರಿಕ ದೋಷ. ವಾರ ಕಳೆಯುವುದರೊಳಗೆ ನಡುಮನೆಯ ಗೋಡೆಯ ಮೇಲೆ ಸೂರ್ಯ ಹುಟ್ಟಿದ. ಫ್ರಿಜ್ಜಿನ ಬಾಗಿಲಲ್ಲಿ ದೋಣಿ ತೇಲಿತು. ಕಡೆಗೆ, ನಾನು ಮನೆಗೆ ತಂದಿದ್ದ ಚರಂಡಿ ನಕ್ಷೆಯ ಉದ್ದಕ್ಕೂ ನೀಲಿ ಬಣ್ಣ ಹರಿದು, ಅದರಲ್ಲಿ ಮೀನುಗಳು ಈಜಾಡಿದವು. ನಾನು ನೋಡದೆ ಅದನ್ನೇ ಸುರುಳಿ ಸುತ್ತಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿ, "ಈ ಚರಂಡೀಲಿ ಇಷ್ಟೊಂದು ಮೀನಿದೆ ಅಂತ ನನಗೆ ಗೊತ್ತಿರಲಿಲ್ಲ" ಅಂದರು.

ಆವತ್ತು ಸಂಜೆ ನಾನು ಮನೆಯಲ್ಲಿ ಒಂದು ಘೋಷಣೆ ಹೊರಡಿಸಿದೆ. "ಮಗುವಿನ ಸರ್ವಾಂಗೀಣ ಬೆಳವಣಿಗೆಗೆ ಹವಾ ಬದಲಾವಣೆ ಅತ್ಯಗತ್ಯ. ರಜೆ ಮುಗಿಯೋವರೆಗೂ ಅಕ್ಕನ ಮನೇಲಿ ಇರಲಿ."

"ಹವಾ ಬದಲಾಗಬೇಕಾಗಿರೋದು ಮಗೂಗೋ, ನಿಮಗೋ?" ಅಂದಳು ಹೆಂಡತಿ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು.

"ಅಕ್ಕ ಶಿಶುವಿಹಾರದ ಟೀಚರ್ರು. ಮಕ್ಕಳನ್ನ ಹೇಗೆ ನೋಡ್ಕೋಬೇಕು ಅಂತ ಗೊತ್ತು."

"ನಾನು ಹೆತ್ತೋಳು ಅಷ್ಟೇ. ನನಗೇನು ಗೊತ್ತಿರುತ್ತೆ."

ಅಂತೂ ಅಕ್ಕ ಬಂದು ಕರೆದುಕೊಂಡು ಹೊರಟಳು. ಬಸ್ಸು ಹತ್ತುವಾಗ ಮಗು ಅಳುತ್ತದೆ, ಸಮಾಧಾನ ಮಾಡಬೇಕಾಗುತ್ತದೆ ಅಂತ ನಾನು ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡು ಹೋಗಿದ್ದೆ. ಬಟಾಣಿ ಕಿಟಕಿ ಪಕ್ಕ ಕೂತು, ಕ್ರೇಯಾನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು, "ಅಪ್ಪ, ನೀವು ಮನೆಗೆ ಹೋಗಿ, ಬಿಸಿಲು" ಅಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದ್ದು ನಾವೇ. ಕರವಸ್ತ್ರದಲ್ಲಿ ಒಂದು ಹೆಂಡತಿಗೆ ಬೇಕಾಯಿತು. ಇನ್ನೊಂದರ ವಿಷಯ ಬಿಡಿ.

ಮೊದಲ ರಜಾದಿನ ಮಧ್ಯಾಹ್ನ ಹಾಯಾಗಿ ನಿದ್ದೆ ಹೊಡೆಯೋಣ ಅಂತ ಮಲಗಿದೆ. ಫ್ಯಾನು ಕಿರಗುಟ್ಟುವುದು ಕೇಳಿಸಿತು. ನಮ್ಮ ಮನೆಯ ಫ್ಯಾನಿಗೆ ಸದ್ದಿದೆ ಅನ್ನುವುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. (ಊರಿಗೆಲ್ಲ ನೀರಿನ ನಕ್ಷೆ ಬರೆಯುವವನ ಮನೆ.) ಎದ್ದು ಕೂತೆ. ನನ್ನ ಹೊಟ್ಟೆಯ ಮೇಲೆ ಹತ್ತಿ ಕುಣಿಯುವವರಿಲ್ಲ, ನನ್ನ ಮೂಗಿಗೆ ಬಣ್ಣ ಹಚ್ಚುವವರಿಲ್ಲ, ನಿದ್ದೆ ಹೇಗೆ ಬರಬೇಕು?

ಮರುದಿನ ಬೆಳಿಗ್ಗೆ ನೋಡಿದರೆ ಹೆಂಡತಿ ಬ್ರೆಡ್ಡಿನ ಅಂಚು ಕತ್ತರಿಸಿ, ತ್ರಿಕೋನ ಮಾಡಿ ತಟ್ಟೆಯಲ್ಲಿಟ್ಟಿದ್ದಳು. ಬಟಾಣಿ ಅಂಚು ತಿನ್ನುವುದಿಲ್ಲ. ನಾನು ತ್ರಿಕೋನಗಳನ್ನು ತಿಂದೆ. ಅವಳು ಅಂಚುಗಳನ್ನು ತಿಂದಳು.

"ಮಗು ಜ್ಞಾಪಕ ಬರ್ತಿದ್ಯಾ?" ಅಂತ ಕೇಳಿದೆ, ಅವಳು ಹೌದು ಅಂದರೆ ಅವಳ ಹೆಗಲ ಮೇಲೆ ಬಂದೂಕಿಟ್ಟು ಮಗಳನ್ನು ಕರೆಸಿಕೊಳ್ಳಬಹುದು ಅಂತ.

"ಕಳಿಸಿದ್ದು ನೀವಲ್ವಾ. ನಿಮಗೆ ಬರ್ತಿದ್ರೆ ಹೇಳಿ."

"ನನಗೇನು. ಹಾಯಾಗಿದ್ದೀನಿ."

"ನಾನೂ ಹಾಯಾಗಿದ್ದೀನಿ."

ಹೀಗೆ ಇಬ್ಬರೂ ಎದುರುಬದುರು ಕೂತು ಹಾಯಾಗಿರುವುದರಲ್ಲಿ ಸೋತು ಸುಣ್ಣವಾದೆವು.

ಸಂಜೆ ಫೋನ್ ಮಾಡಿದರೆ ಬಟಾಣಿಗೆ ಪುರುಸೊತ್ತಿಲ್ಲ. "ಅಪ್ಪ, ಆಮೇಲೆ ಮಾತಾಡ್ತೀನಿ. ಅತ್ತೆ ಕಲ್ಲಂಗಡಿ ಬರೆದುಕೊಟ್ಟಿದಾರೆ. ಬೀಜ ಎಲ್ಲಾ ಕಪ್ಪು ಮಾಡ್ಬೇಕು." ಮರುದಿನ ಐಸ್‌ಕ್ರೀಮ್, ಅದರ ಮರುದಿನ ಸಮುದ್ರದ ದಡದ ಕೊಡೆ. ಅಕ್ಕ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಬೇಸಿಗೆಯ ಬಣ್ಣದ ಪಾಠ ನಡೆಸುತ್ತಿದ್ದಳಂತೆ. ಒಂದು ಕಲ್ಲಂಗಡಿಯ ಎದುರು ಸೋತ ಅಪ್ಪ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ಆಗ ಹೊಳೆಯಿತು ನೋಡಿ. ನಾನೂ ನಕ್ಷೆ ಬರೆಯುವವನೇ ಅಲ್ಲವೇ, ಮನೆಯಲ್ಲೇ ಒಂದು ಬಣ್ಣದ ಕ್ಲಾಸು ಯಾಕೆ ಶುರು ಮಾಡಬಾರದು? ಕಟ್ಟಡದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಒಂದಿಷ್ಟು ಗಲಾಟೆ ಆಗುತ್ತದೆ.

"ಕಲಾಸೇವೆ ಮಾಡೋಣ ಅಂತಿದ್ದೀನಿ" ಅಂದೆ ಹೆಂಡತಿಗೆ.

"ಗೋಡೆ ಮೇಲೆ ಒಂದು ಗೆರೆ ಬಿದ್ದಿದ್ದಕ್ಕೆ ಮನೆ ತಲೆ ಮೇಲೆ ಹೊತ್ಕೊಂಡಿದ್ರಲ್ಲ."

"ಆಗ ನನ್ನೊಳಗಿನ ಕಲಾವಿದ ಎದ್ದಿರಲಿಲ್ಲ."

ಅವಳು ನನ್ನ ಮುಖ ನೋಡಿದಳು. ನಕ್ಕಳೋ ಇಲ್ಲವೋ ಗೊತ್ತಾಗುವ ಮೊದಲೇ ಹೊಲಿಗೆ ಮಿಷನ್ನಿನ ಕಡೆ ತಿರುಗಿದಳು.

ಆಮೇಲೆ ಕೂತು ಚಿತ್ರ ಬರೆದೆ. ಇಪ್ಪತ್ತು ವರ್ಷ ಪೈಪು ಬರೆದ ಕೈ, ಏನು ಬರೆದರೂ ಪೈಪಾಗುತ್ತಿತ್ತು. ಸೂರ್ಯನನ್ನು ಬರೆದರೆ ಮ್ಯಾನ್‌ಹೋಲಿನ ಮುಚ್ಚಳ. ಐಸ್‌ಕ್ರೀಮ್ ಬರೆದರೆ ತಿರುಗಿಸಿ ನೀರು ಬಿಡುವ ಗೇಟ್ ವಾಲ್ವು. ಸಮುದ್ರದ ಅಲೆಗಳೆಲ್ಲ ಒಂದೇ ಎತ್ತರ, ಒಂದೇ ಅಂತರ. ಅಭ್ಯಾಸಬಲದಿಂದ ಪಕ್ಕದಲ್ಲಿ ಬಾಣದ ಗುರುತು ಹಾಕಿ ಅಳತೆಯನ್ನೂ ಬರೆದುಬಿಟ್ಟೆ.

ಶನಿವಾರ ಮಧ್ಯಾಹ್ನ ವಿದ್ಯಾರ್ಥಿವೃಂದ ಆಗಮಿಸಿತು. ಮಹಡಿ ಮೇಲಿನ ಮನೆಯ ಅವಳಿ ಅಣ್ಣತಮ್ಮಂದಿರು, ಮತ್ತೆ ಎದುರು ಮನೆಯ ಹಲ್ಲಿನ ಡಾಕ್ಟರ ಮಗಳು. ಈ ಮಗು ಬಾಗಿಲಲ್ಲೇ ನಿಂತು ನೆಲದ ಮೇಲಿನ ಚಾಪೆ ನೋಡಿತು.

"ಬಾಮ್ಮ, ಇಲ್ಲಿ ಕೂತ್ಕೋ."

"ಅದು ಬಟಾಣಿ ಕೂರೋ ಜಾಗ. ನಾನು ಈ ಕಡೆ ಕೂರ್ತೀನಿ."

ಒಳಗೆ ಮಿಷನ್ನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಚಿತ್ರ ಹಂಚಿದೆ. ಅವಳಿಗಳಲ್ಲಿ ಒಬ್ಬ ಐಸ್‌ಕ್ರೀಮನ್ನು ತಲೆಕೆಳಗು ಮಾಡಿ ನೋಡಿ, "ಅಂಕಲ್, ಇದನ್ನ ತಿರುಗಿಸಿದ್ರೆ ನೀರು ಬರುತ್ತಾ?" ಅಂದ. ಇನ್ನೊಬ್ಬ ಸೂರ್ಯನಿಗೆ ಕಪ್ಪು ಬಳಿದು, "ಸೆಕೆ ಆಗ್ತಿತ್ತು, ಆರಿಸಿಬಿಟ್ಟೆ" ಅಂದ. ಹಲ್ಲಿನ ಡಾಕ್ಟರ ಮಗಳು ಸಮುದ್ರದ ಮೀನಿಗೆಲ್ಲ ಹಲ್ಲು ಬರೆದು, ಅದರಲ್ಲಿ ಎರಡು ಹುಳುಕು ಅಂತ ತೀರ್ಮಾನಿಸಿದಳು. ಅವಳಿಗಳಲ್ಲಿ ಯಾರು ಯಾರ ಕಿವಿಗೆ ಹಸಿರು ಬಳಿದರೋ, ಎರಡೂ ಮುಖಗಳೂ ಒಂದೇ ಥರ ಇದ್ದುದರಿಂದ ನ್ಯಾಯ ತೀರ್ಮಾನ ಮಾಡಲಾಗಲಿಲ್ಲ. ಮನೆ ತುಂಬ ಗದ್ದಲ. ನನಗೆ ಎಂಥ ಸಂತೋಷ ಅಂತೀರಿ. ಆದರೆ ಪ್ರತಿ ಸಲ "ಅಂಕಲ್" ಅಂದಾಗಲೂ ಎದೆಯಲ್ಲಿ ಏನೋ ಒಂದು ತಪ್ಪು ಮನೆಯ ಬಾಗಿಲು ತಟ್ಟಿದ ಹಾಗಾಗುತ್ತಿತ್ತು.

ಮೇಷ್ಟ್ರು ಸುಮ್ಮನೆ ಕೂರಬಾರದಲ್ಲ ಅಂತ ನಾನೂ ಒಂದು ಹಾಳೆ ತೆಗೆದುಕೊಂಡೆ. ದಡದಲ್ಲಿ ಫ್ರಾಕು ಹಾಕಿಕೊಂಡು ನಿಂತ ಹುಡುಗಿ. ಹಳದಿ ಹಚ್ಚತೊಡಗಿದೆ. ಹಚ್ಚುತ್ತಾ ಹಚ್ಚುತ್ತಾ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು.

"ಆಂಟಿ, ಅಂಕಲ್ ಹಳದಿ ಕೊಡ್ತಿಲ್ಲ. ಆಗ್ಲಿಂದ ಅವರೇ ಇಟ್ಕೊಂಡಿದಾರೆ" ಅಂತ ಹಲ್ಲಿನ ಡಾಕ್ಟರ ಮಗಳು ಒಳಗೆ ದೂರು ಕೊಟ್ಟಳು.

ಹೆಂಡತಿ ಬಂದಳು. "ಏನ್ರೀ ಇದು, ಮಕ್ಕಳ ಹತ್ರ ಕಿತ್ತಾಡ್ತೀರಾ? ಕೊಡಿ ಇಲ್ಲಿ" ಅಂತ ಕೈ ಚಾಚಿದವಳು ನನ್ನ ಹಾಳೆ ನೋಡಿದಳು. ಕೈ ಹಾಗೇ ನಿಂತಿತು. ನನ್ನ ಪಕ್ಕದಲ್ಲಿ, ಆ ಖಾಲಿ ಚಾಪೆಯ ತುದಿಯಲ್ಲಿ ಕೂತಳು.

"ಅವಳ ಹಳದಿ ಫ್ರಾಕಿಗೆ ಜೇಬು ಎರಡಿದೆ" ಅಂದಳು ಮೆಲ್ಲಗೆ. "ನೀವು ಒಂದೇ ಹಾಕಿದ್ದೀರಿ. ಕಲ್ಲು ಹೆಕ್ಕಿ ತುಂಬಿಸ್ಕೋತಾಳೆ, ಒಂದು ಸಾಲಲ್ಲ ಅಂತ ನಾನೇ ಇನ್ನೊಂದು ಹೊಲಿದುಕೊಟ್ಟಿದ್ದೆ." ಪೆನ್ಸಿಲು ತೆಗೆದುಕೊಂಡು ಇನ್ನೊಂದು ಜೇಬು ಬರೆದಳು. ಅದರೊಳಗೆ ಒಂದು ಪುಟ್ಟ ಕಲ್ಲನ್ನೂ ಬರೆದಳು.

"ನಾಳೆ ಭಾನುವಾರ" ಅಂದೆ ನಾನು.

"ಬೆಳಿಗ್ಗೆ ಬಸ್ಸಿದೆ" ಅಂದಳು ಅವಳು.

ಅಕ್ಕನ ಊರಿಗೆ ಅರ್ಧ ದಿನದ ದಾರಿ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳುವ ಸುಳ್ಳನ್ನು ಸಿದ್ಧಪಡಿಸಿದೆವು. ಹೆಂಡತಿಗೆ ಮೈ ಸರಿ ಇಲ್ಲ ಅನ್ನೋಣ ಅಂದೆ ನಾನು. ನಿಮಗೇ ಸರಿ ಇಲ್ಲ ಅನ್ನೋಣ, ನೋಡಿದ್ರೆ ನಂಬ್ತಾರೆ ಅಂದಳು ಅವಳು. ಜಗಳ ಇತ್ಯರ್ಥವಾಗುವುದರೊಳಗೆ ಊರು ಬಂತು.

ಅಕ್ಕನ ಮನೆಯ ವರಾಂಡದಲ್ಲಿ ಮಕ್ಕಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಬಣ್ಣ ತುಂಬುತ್ತಿದ್ದರು. ನಡುವೆ ಬಟಾಣಿ. ಬಿಸಿಲಿಗೆ ಸ್ವಲ್ಪ ಕಪ್ಪಗಾಗಿದ್ದಳು. ಕೂದಲನ್ನು ಬೇರೆ ಥರ ಜಡೆ ಹಾಕಿದ್ದರು. ನಾನು ಎರಡೂ ಕೈ ಚಾಚಿ "ಬಟಾಣೀ" ಅಂದೆ.

ಅವಳು ತಲೆ ಎತ್ತಿ ಮುಖವೆಲ್ಲ ಅರಳಿಸಿ ನಕ್ಕಳು. ನಾನು ಓಡಿದೆ.

"ಅಪ್ಪ, ನಿಂತ್ಕೊಳ್ಳಿ. ಹಾಳೆ ತುಳೀತೀರಿ."

ನಿಂತೆ. ಹೆಂಡತಿ ಹುಷಾರಿ, ಗೋಡೆಯಂಚಿಗೇ ಸುತ್ತಿ ಹೋಗಿ ಮಗಳನ್ನು ಎತ್ತಿಕೊಂಡುಬಿಟ್ಟಳು. ನನ್ನ ಪಾಲಿಗೆ ಒಂದು ಕಾಲು ಸಿಕ್ಕಿತು, ಅದನ್ನೇ ಹಿಡಿದುಕೊಂಡೆ.

ಕಾಫಿ ಕುಡಿಯುತ್ತಾ ನಾನು ಪೀಠಿಕೆ ಹಾಕಿದೆ. "ನೋಡು ಕಂದ, ನೀನಿಲ್ಲದೆ ಅಮ್ಮಂಗೆ ಬಹಳ ಬೇಜಾರಾಗಿದೆ."

"ಅಪ್ಪಂಗೆ" ಅಂದಳು ಹೆಂಡತಿ. "ಅಪ್ಪ ಸರಿಯಾಗಿ ನಿದ್ದೇನೇ ಮಾಡ್ತಿಲ್ಲ."

ಬಟಾಣಿ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. "ಅತ್ತೆ, ಇವರಿಬ್ಬರಿಗೂ ಬೇಜಾರಂತೆ. ಏನ್ ಮಾಡೋದು?"

"ನಿಂಗೆ ಬೇಜಾರಾದಾಗ ನಾನೇನು ಮಾಡಿದ್ದೆ?" ಅಂದಳು ಅಕ್ಕ.

ಬಟಾಣಿ ಒಳಗೆ ಹೋಗಿ ಒಂದು ಹಾಳೆ ತಂದಳು. ತಾನೇ ಬರೆದ ಚಿತ್ರ. ಮನೆ, ಮರ, ಮೇಲೆ ದುಂಡು ಸೂರ್ಯ, ಎಲ್ಲಕ್ಕೂ ಗಟ್ಟಿಯಾಗಿ ಬಣ್ಣ ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಮನುಷ್ಯರಿಗೆ ಮಾತ್ರ ಇರಲಿಲ್ಲ. ಬರೀ ಗೆರೆ, ಒಳಗೆಲ್ಲ ಬಿಳಿ.

"ಬಂದ ದಿನಾನೇ ಬರೆದಳು" ಅಂದಳು ಅಕ್ಕ. "ರಾತ್ರಿ ಅದನ್ನ ದಿಂಬಿನ ಪಕ್ಕ ಇಟ್ಕೊಂಡೇ ಮಲಗ್ತಾಳೆ. ಇವರಿಗ್ಯಾಕೆ ಹಚ್ಚಿಲ್ಲ ಅಂದ್ರೆ, ಇವತ್ತು ಯಾವ ಬಟ್ಟೆ ಹಾಕಿದಾರೆ ಅಂತ ಗೊತ್ತಿಲ್ವಲ್ಲ ಅಂತಾಳೆ."

ಬಟಾಣಿ ಹಾಳೆಯನ್ನು ನನ್ನ ಕೈಗಿಟ್ಟಳು.

"ನೀವೇ ಹಚ್ಕೊಳ್ಳಿ. ನಮ್ಮ ಕ್ಲಾಸು ಮುಗಿಯೋವರೆಗೂ ನಾನು ಬರಕ್ಕಾಗಲ್ಲ, ಇನ್ನೂ ಹಡಗು ಇದೆ. ಬೇಜಾರಾದಾಗೆಲ್ಲ ಸ್ವಲ್ಪ ಸ್ವಲ್ಪ ಹಚ್ಚಿ. ಗೆರೆ ದಾಟಬಾರದು, ಆಯ್ತಾ?"

"ಆಯ್ತು" ಅಂದೆವು ಇಬ್ಬರೂ.

ಸಂಜೆ ಬಸ್ಸಿಗೆ ಬಂದು ಅವಳೇ ಕೈ ಬೀಸಿದಳು. ಅಕ್ಕನ ಸೆರಗು ಹಿಡಿದುಕೊಂಡು, ಬಸ್ಸು ಹೊರಡುವವರೆಗೂ ನಿಂತಿದ್ದಳು. ಬಾಯಿ ಸ್ವಲ್ಪ ಸೊಟ್ಟಗಾಗಿದ್ದ ಹಾಗೆ ಕಂಡಿತು. ನನ್ನ ಭ್ರಮೆ ಇರಬಹುದು, ಗಾಜು ಕೊಳೆಯಾಗಿತ್ತು.

ಮನೆಗೆ ಬಂದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಅನ್ನುವ ನಿಯಮ ನನ್ನಿಂದ ಪಾಲಿಸಲಾಗಲಿಲ್ಲ. ಬೇಜಾರು ಸ್ವಲ್ಪ ಸ್ವಲ್ಪ ಬಂದರೆ ತಾನೇ. ಮರುದಿನವೇ ಕಚೇರಿಯಿಂದ ಬಂದು ಕೂತು ಒಂದೇ ಪಟ್ಟಿಗೆ ನನಗೆ ನಾನೇ ಬಣ್ಣ ಹಚ್ಚಿಕೊಂಡು ಮುಗಿಸಿದೆ. ಇಂಚಿಂಚು ಅಳೆದು ಗೆರೆ ಎಳೆದು ಹೊಟ್ಟೆ ಹೊರೆಯುವವನು ನಾನು. ಆದರೆ ಬಾಗಿಲಲ್ಲಿ ನಿಂತ ಆ ಮನುಷ್ಯನ ಕೈ, ಬಣ್ಣದ ರಭಸಕ್ಕೆ ಗೆರೆ ದಾಟಿ, ಅಂಗಳ ದಾಟಿ, ಹಾಳೆಯ ತುದಿಯವರೆಗೂ ಹೋಗಿಬಿಟ್ಟಿತ್ತು.

ಫೋನ್ ಮಾಡಿದೆ. "ಮುಗೀತು ಕಂದ."

"ಗೆರೆ ದಾಟ್ತಾ?"

"ಇಲ್ಲ."

"ಅಮ್ಮಂಗೆ ಕೊಡಿ."

ಹೆಂಡತಿ ಫೋನು ತೆಗೆದುಕೊಂಡು ಹಾಳೆ ನೋಡಿದಳು. ನಾನು ಕಣ್ಣಲ್ಲೇ ಅಂಗಲಾಚಿದೆ. "ದಾಟಿದೆ ಕಂದ, ಕೈ ಪೂರ್ತಿ ದಾಟಿದೆ" ಅಂದಳು ಮಹಾ ಸತ್ಯಸಂಧೆ. ಆಮೇಲೆ ಬಹಳ ಹೊತ್ತು ಹೂಂ, ಹೂಂ ಅಂದಳು. "ನಾನಾ? ನಾನು ಚೆನ್ನಾಗಿದ್ದೀನಿ ಕಂದ" ಅಂತ ಹೇಳಿ ಫೋನಿಟ್ಟಳು.

"ಏನಂದಳು?"

"ಸುಳ್ಳು ಹೇಳಿದವರನ್ನ ಅತ್ತೆ ಕ್ಲಾಸಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರಿಸ್ತಾರಂತೆ. ನೀವೂ ಕೂರಬೇಕಂತೆ."

ಕುರ್ಚಿ ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ಕೆಳಗೆ ಅವಳಿಗಳು ಯಾರದೋ ಸೈಕಲ್ಲಿಗೆ ಬಣ್ಣ ಬಳಿಯುತ್ತಿದ್ದರು. ಮಿಷನ್ನಿನ ಸದ್ದು ಶುರುವಾಗುತ್ತದೆ ಅಂತ ಕಾದೆ, ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೆಂಡತಿ ತನ್ನ ಸ್ಟೂಲು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ, ಅದೇ ಕಿಟಕಿಗೆ ಮುಖ ಮಾಡಿ ಕೂತಳು.

"ನೀನ್ಯಾಕೆ?"

"ಚೆನ್ನಾಗಿದ್ದೀನಿ ಅಂದೆನಲ್ಲ" ಅಂದಳು.